ಅಂಧರಿಗೆ ವಿದ್ಯೆಯ ಬಾಗಿಲು ತೆರೆದ ಗಾನಯೋಗಿ: ಲಿಂಗೈಕ್ಯ ಪಂಡಿತ ಪಂಚಾಕ್ಷರಿ ಗವಾಯಿಗಳ ಜೀವನ



ಶ್ರಾವಣ ಮಾಸ ಬಂತೆಂದರೆ ನಮ್ಮ ತಾಂಬಾದಲ್ಲಿಯೂ ಸುತ್ತಲಿನ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಊರುಗಳಲ್ಲಿಯೂ ಪುರಾಣ ಪ್ರವಚನಗಳು ಆರಂಭವಾಗುತ್ತವೆ. ಹೊಲದ ಕೆಲಸ ಮುಗಿಸಿದ ಭಕ್ತರು ಸಂಜೆಯ ಹೊತ್ತಿಗೆ ಗುಡಿಯ ಅಂಗಳದಲ್ಲಿ ಸೇರುತ್ತಾರೆ. ಶಾಸ್ತ್ರಿಗಳ ಬಲಕ್ಕೆ ಹಾರ್ಮೋನಿಯಂ, ಎಡಕ್ಕೆ ತಬಲಾ. ಅನೇಕ ವೇಳೆ ಆ ಎರಡು ವಾದ್ಯಗಳಲ್ಲಿ ಒಂದರ ಮುಂದೆ ಕುಳಿತವರಿಗೆ ಕಣ್ಣು ಕಾಣುವುದಿಲ್ಲ. ಆದರೂ ಊರಿನ ಹಿರಿಯರು ಅವರನ್ನು ಕೈಹಿಡಿದು ಕರೆತಂದು ಗದ್ದುಗೆಯ ಪಕ್ಕದಲ್ಲಿ ಕೂರಿಸುತ್ತಾರೆ, ಗವಾಯಿಗಳೇ ಎಂದು ಬಹುವಚನದಲ್ಲಿ ಮಾತನಾಡಿಸುತ್ತಾರೆ, ಮಂಗಲದ ದಿನ ಶಾಲು ಹೊದಿಸಿ ಬೀಳ್ಕೊಡುತ್ತಾರೆ. ಈ ದೃಶ್ಯ ನಮಗೆ ಎಷ್ಟು ಸಹಜವಾಗಿದೆಯೆಂದರೆ, ಇದರ ಹಿಂದೆ ಒಬ್ಬ ಮಹಾಪುರುಷರ ಇಡೀ ಜೀವಮಾನದ ತಪಸ್ಸು ಇದೆಯೆಂಬುದನ್ನು ನಾವು ಮರೆತಿದ್ದೇವೆ.

ನೂರು ವರ್ಷಗಳ ಹಿಂದೆ ಇದೇ ನಾಡಿನಲ್ಲಿ ಕಣ್ಣಿಲ್ಲದ ಮಗುವಿಗೆ ಇದ್ದ ದಾರಿಗಳು ಎರಡೇ. ಒಂದು, ಮನೆಯ ಮೂಲೆ. ಇನ್ನೊಂದು, ಜಾತ್ರೆಯ ಬಾಗಿಲಲ್ಲಿ ಹಾಸಿದ ಬಟ್ಟೆ. ಮೂರನೆಯ ದಾರಿಯೊಂದನ್ನು ತೆರೆದವರು ಗದುಗಿನ ವೀರೇಶ್ವರ ಪುಣ್ಯಾಶ್ರಮದ ಗಾನಯೋಗಿ ಪಂಡಿತ ಪಂಚಾಕ್ಷರಿ ಗವಾಯಿಗಳು. ಅವರೂ ಅಂಧರೇ ಆಗಿದ್ದರು. ಅವರ ಜೀವನವನ್ನು ಭಕ್ತರ ಮುಂದೆ ಯಥಾಮತಿ ನಿವೇದಿಸುವುದು ಈ ಲೇಖನದ ಉದ್ದೇಶ.

ಜನನ ಮತ್ತು ಬಾಲ್ಯ

ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನಲ್ಲಿ ಕಾಡಶೆಟ್ಟಿಹಳ್ಳಿ ಎಂಬ ಒಂದು ಚಿಕ್ಕ ಗ್ರಾಮವಿದೆ. ಮಲೆನಾಡಿನ ಅಂಚಿನಲ್ಲಿರುವ ಆ ಸೀಮೆ ಅಂದು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಲ್ಲಿನ ಚರಂತಿಮಠದ ಗುರುಪಾದಯ್ಯ ಮತ್ತು ನೀಲಮ್ಮ ದಂಪತಿಗಳ ಉದರದಲ್ಲಿ 1892ರ ಫೆಬ್ರವರಿ 2ರಂದು ಜನಿಸಿದ ಶಿಶುವಿಗೆ ಗದಿಗೆಯ್ಯ ಎಂದು ನಾಮಕರಣವಾಯಿತು. ಮಗುವಿಗೆ ದೃಷ್ಟಿ ಇರಲಿಲ್ಲ. ಅಣ್ಣ ಗುರುಬಸಯ್ಯನಿಗೂ ದೃಷ್ಟಿ ಇರಲಿಲ್ಲ. ಬಡತನದ ಮನೆಯಲ್ಲಿ ಇಬ್ಬರು ಅಂಧ ಮಕ್ಕಳು. ಆ ತಾಯಿತಂದೆಗಳ ಮನಸ್ಸಿನ ಭಾರವನ್ನು ವಿವರಿಸಬೇಕಾಗಿಲ್ಲ.

ಇಂತಹ ಮನೆಗಳಿಗೆ ಬಂದು ಹೋಗುವವರು ಆಡುವ ಮಾತು ಅಂದಿಗೂ ಇಂದಿಗೂ ಒಂದೇ ತೆರನಾದುದು. ಹಿಂದಿನ ಜನ್ಮದ ಪಾಪ ಎನ್ನುವವರು, ಹಣೆಯ ಬರಹ ಎನ್ನುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಹನ್ನೆರಡನೆಯ ಶತಮಾನದ ಶರಣರು ಮನುಷ್ಯನ ಹಿರಿಮೆಯನ್ನು ಅವನ ಹುಟ್ಟಿನಿಂದ ಅಳೆಯಲಿಲ್ಲ. ಕಾಯಕದಿಂದ, ನಡೆಯಿಂದ ಅಳೆದರು. ಆದರೆ ಅವರ ಅನುಯಾಯಿಗಳೆಂದು ಹೇಳಿಕೊಳ್ಳುವ ನಮ್ಮ ಮನೆಗಳಲ್ಲಿಯೇ ಕರ್ಮದ ಮಾತು ಇನ್ನೂ ಉಳಿದುಕೊಂಡಿದೆ. ಅಂಗವೈಕಲ್ಯವುಳ್ಳ ಮಗುವಿಗೆ ದೇಹದ ಕೊರತೆಗಿಂತ ಈ ಮಾತೇ ಹೆಚ್ಚು ನೋವು ಕೊಡುತ್ತದೆ.

ಅಣ್ಣತಮ್ಮಂದಿರಿಬ್ಬರಿಗೂ ಕಂಠ ಚೆನ್ನಾಗಿತ್ತು. ಊರಿನಲ್ಲಿ ಕೇಳಿದ ಹಾಡುಗಳನ್ನು ಅವರು ತಪ್ಪಿಲ್ಲದೆ ಮರಳಿ ಹಾಡುತ್ತಿದ್ದರು. ಆ ಹಾಡು ಯೋಗ್ಯರಾದವರ ಕಿವಿಗೆ ಬಿದ್ದುದೇ ಗದಿಗೆಯ್ಯನ ಬಾಳಿನ ತಿರುವು.

ಗುರುವಿನ ದರ್ಶನ

ಆ ಯೋಗ್ಯರು ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು. 1867ರಲ್ಲಿ ಜೋಯಿಸರ ಹರಳಹಳ್ಳಿಯಲ್ಲಿ ಜನಿಸಿದ ಪೂಜ್ಯರು 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯ ಸ್ಥಾಪನೆಗೆ ಕಾರಣರಾದವರು. 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಡದಲ್ಲಿ ಶಿವಯೋಗ ಮಂದಿರವನ್ನು ಕಟ್ಟಿದವರು. ಮಠಾಧಿಪತಿಗಳಾಗುವವರು ವಿದ್ಯಾವಂತರಾಗಬೇಕು, ಮಠವು ಸಮಾಜದ ಸೇವೆಗೆ ನಿಲ್ಲಬೇಕು ಎಂಬುದು ಅವರ ಬಾಳಿನ ಹಂಬಲ. ಜೋಳಿಗೆ ಹಿಡಿದು ಊರೂರು ತಿರುಗಿ ತಂದುದೆಲ್ಲವನ್ನೂ ಅವರು ವಿದ್ಯೆಗೆ, ಅನ್ನಕ್ಕೆ ವಿನಿಯೋಗಿಸಿದರು.

ಈ ಅಂಧ ಬಾಲಕರ ಹಾಡನ್ನು ಕೇಳಿದಾಗ ಪೂಜ್ಯರು ನಾಲ್ಕು ಕಾಸು ಕೊಟ್ಟು ಮುಂದೆ ಸಾಗಬಹುದಾಗಿತ್ತು. ಬಹಳವೆಂದರೆ ಮಠದ ಪ್ರಸಾದ ನಿಲಯದಲ್ಲಿ ಎರಡು ಹೊತ್ತಿನ ಊಟಕ್ಕೆ ವ್ಯವಸ್ಥೆ ಮಾಡಬಹುದಾಗಿತ್ತು. ಅವರು ಅಷ್ಟಕ್ಕೆ ನಿಲ್ಲಲಿಲ್ಲ. ಈ ಕಂಠಕ್ಕೆ ಶಾಸ್ತ್ರದ ಶಿಕ್ಷಣ ಬೇಕೆಂದು ನಿಶ್ಚಯಿಸಿ ಗುರುಗಳನ್ನು ಹುಡುಕಿದರು, ಖರ್ಚನ್ನು ತಾವು ಹೊತ್ತರು. ಮೊದಲು ಕರ್ನಾಟಕ ಸಂಗೀತದ ಶಿಕ್ಷಣವಾಯಿತು. ಅದಕ್ಕಾಗಿ ಮೈಸೂರಿನವರೆಗೂ ಕಳುಹಿಸಿಕೊಟ್ಟರು. ಅನಂತರ ಹಿಂದೂಸ್ಥಾನಿ ಪದ್ಧತಿಯನ್ನು ಕಲಿಸಲು ಮಿರಜದ ನೀಲಕಂಠ ಬುವಾ ಆಲೂರಮಠ ಅವರನ್ನು ಶಿವಯೋಗ ಮಂದಿರಕ್ಕೆ ಬರಮಾಡಿಕೊಂಡರು. ಮುಂದೆ ಪಂಡಿತ ಮಲ್ಲಿಕಾರ್ಜುನ ಮನಸೂರರಿಗೂ ಗುರುಗಳಾದವರು ಇದೇ ನೀಲಕಂಠ ಬುವಾ ಅವರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಗುರುವಿನ ಬಳಿಗೆ ಹೋಗಲಾರದ ವಿದ್ಯಾರ್ಥಿಯ ಬಳಿಗೆ ಗುರುವನ್ನೇ ಕರೆತರುವುದು ಅಂದಿನ ಕಾಲಕ್ಕೆ ದೊಡ್ಡ ವಿಚಾರ. ಇಂದು ಸರ್ಕಾರದ ಕಾಯಿದೆಗಳು ದೊಡ್ಡ ದೊಡ್ಡ ಪದಗಳಲ್ಲಿ ಹೇಳುವುದನ್ನು ಕುಮಾರ ಶಿವಯೋಗಿಗಳು ಜೋಳಿಗೆಯ ಹಣದಿಂದ ಮಾಡಿ ತೋರಿಸಿದರು. ವಿದ್ಯೆಗೂ ವಿದ್ಯಾರ್ಥಿಗೂ ನಡುವೆ ಇರುವ ಅಡ್ಡಿಯನ್ನು ತೆಗೆಯುವ ಹೊಣೆ ವಿದ್ಯಾರ್ಥಿಯದಲ್ಲ, ಕಲಿಸುವವರದು ಎಂಬುದು ಅವರ ನಡೆಯಿಂದ ಸ್ಪಷ್ಟವಾಗುತ್ತದೆ.

ವರ್ಷಗಳ ಸಾಧನೆಯಿಂದ ಗದಿಗೆಯ್ಯ ಪಂಚಾಕ್ಷರಿ ಗವಾಯಿಗಳಾದರು. ದಕ್ಷಿಣಾದಿ, ಉತ್ತರಾದಿ ಎರಡೂ ಪದ್ಧತಿಗಳಲ್ಲಿ ಪ್ರಭುತ್ವ ಪಡೆದ ಅವರನ್ನು ನಾಡು ಉಭಯಗಾನ ವಿಶಾರದರೆಂದು ಗೌರವಿಸಿತು. ಗಾಯನವಷ್ಟೇ ಅಲ್ಲದೆ ವಾದ್ಯಗಳಲ್ಲಿಯೂ ಅವರದು ಸಿದ್ಧಹಸ್ತ.

ಸಂಚಾರಿ ಪಾಠಶಾಲೆ

ಇಷ್ಟು ವಿದ್ಯೆ ಸಂಪಾದಿಸಿದವರು ರಾಜಾಶ್ರಯವನ್ನೋ ಪಟ್ಟಣದ ಸಭೆಗಳನ್ನೋ ಅರಸಿಕೊಂಡು ಹೋಗಬಹುದಾಗಿತ್ತು. ಗುರುಗಳ ಅಪೇಕ್ಷೆ ಬೇರೆಯಾಗಿತ್ತು. ತಾವು ಪಡೆದುದನ್ನು ತಮ್ಮಂತೆಯೇ ಇರುವ ಮಕ್ಕಳಿಗೆ ಹಂಚಬೇಕೆಂದು ಅವರು ಅಪ್ಪಣೆಯಿತ್ತರು. ಪಂಚಾಕ್ಷರಿ ಗವಾಯಿಗಳು ಅದನ್ನು ಶಿರಸಾವಹಿಸಿ ಸ್ವೀಕರಿಸಿದರು. ಸಂಸಾರಿಯಾಗಲಿಲ್ಲ, ಆಸ್ತಿ ಮಾಡಲಿಲ್ಲ. ಅಂಧರು, ಅನಾಥರು, ದಿಕ್ಕಿಲ್ಲದ ಬಡಮಕ್ಕಳು ಇವರೇ ಅವರ ಸಂಸಾರವಾದರು.

ಪುಣ್ಯಾಶ್ರಮದ ಪರಂಪರೆಯನ್ನು 1914ರಿಂದ ಎಣಿಸುವುದು ವಾಡಿಕೆ. ರೋಣ ಸೀಮೆಯ ನಿಡಗುಂದಿಕೊಪ್ಪದಲ್ಲಿ ಅದರ ಆರಂಭವಾಯಿತು. ಇದು ಆಲಮಟ್ಟಿಯ ಹತ್ತಿರದ ನಮ್ಮ ನಿಡಗುಂದಿಯಲ್ಲ, ಗದಗ ಭಾಗದ ಊರು ಎಂಬುದನ್ನು ವಿಜಯಪುರ ಜಿಲ್ಲೆಯ ಭಕ್ತರ ಗಮನಕ್ಕಾಗಿ ಹೇಳುತ್ತಿದ್ದೇನೆ. ಮುಂದೆ ಬಹುಕಾಲ ಈ ಶಾಲೆಗೆ ಸ್ಥಿರವಾದ ನೆಲೆ ಇರಲಿಲ್ಲ. ಗವಾಯಿಗಳು ಶಿಷ್ಯರೊಡನೆ ಊರಿನಿಂದ ಊರಿಗೆ ಸಂಚರಿಸಿದರು. ಮಠ, ಗುಡಿ, ಧರ್ಮಶಾಲೆ, ಭಕ್ತರ ಮನೆಯ ಪಡಸಾಲೆ, ಎಲ್ಲಿ ಆಶ್ರಯ ಸಿಕ್ಕಿತೋ ಅಲ್ಲಿಯೇ ತಂಬೂರಿ ಶ್ರುತಿಗೊಳ್ಳುತ್ತಿತ್ತು, ಪಾಠ ಸಾಗುತ್ತಿತ್ತು. ಊರಿನವರು ಕೊಟ್ಟ ರೊಟ್ಟಿ ಪಲ್ಲೆಯೇ ಪ್ರಸಾದ.

ಸಂಚಾರದ ಕಷ್ಟ ಸಣ್ಣದಲ್ಲ. ಕಣ್ಣಿಲ್ಲದ ಹಲವಾರು ಮಕ್ಕಳನ್ನು ಕರೆದುಕೊಂಡು, ವಾದ್ಯಗಳನ್ನು ಹೊತ್ತುಕೊಂಡು, ಚಕ್ಕಡಿ ಬಂಡಿಗಳ ದಾರಿಯಲ್ಲಿ ಊರೂರು ತಿರುಗುವುದೆಂದರೆ ಏನೆಂಬುದನ್ನು ಓದುಗರು ಊಹಿಸಿಕೊಳ್ಳಬಹುದು. ಆದರೆ ಈ ಸಂಚಾರದಿಂದ ಒಂದು ಮಹದುಪಕಾರವೂ ಆಯಿತು. ಶಾಲೆಯೊಂದಿದೆ ಎಂಬುದನ್ನೇ ಅರಿಯದ ಹಳ್ಳಿಗಳಿಗೆ ಶಾಲೆಯೇ ನಡೆದು ಬಂತು. ಮನೆಯ ಮೂಲೆಯಲ್ಲಿದ್ದ ಮಗುವನ್ನು ಹೊರಗೆ ತರಲು ತಂದೆತಾಯಿಗಳಿಗೆ ಧೈರ್ಯ ಬಂತು. ಏಕೆಂದರೆ ತಮ್ಮ ಮಗುವಿನಂತೆಯೇ ಇರುವ ಮಕ್ಕಳು ಸಭೆಯ ಮುಂದೆ ಕುಳಿತು ರಾಗ ಹಾಡುವುದನ್ನು ಅವರು ಕಣ್ಣಾರೆ ಕಂಡರು. ನೂರು ಉಪದೇಶಗಳಿಗಿಂತ ಆ ಒಂದು ನೋಟ ದೊಡ್ಡದು.

ಕಲಿಸಿದ ಬಗೆ

ಗವಾಯಿಗಳು ಸಂಗೀತವನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ನಮ್ಮ ಶಾಸ್ತ್ರೀಯ ಸಂಗೀತವು ಮೊದಲಿನಿಂದಲೂ ಗುರುಮುಖದಿಂದ ಕಲಿಯುವ ವಿದ್ಯೆ. ಅದಕ್ಕೆ ಪುಸ್ತಕ ಅನಿವಾರ್ಯವಲ್ಲ. ಗುರು ಹಾಡಿದುದನ್ನು ಶಿಷ್ಯ ಮರಳಿ ಹಾಡಬೇಕು, ತಪ್ಪಿದರೆ ಮತ್ತೆ ಹಾಡಬೇಕು. ಬೋಲುಗಳನ್ನು ಮೊದಲು ಬಾಯಲ್ಲಿ ನುಡಿದು ಅನಂತರ ಬೆರಳಿಗೆ ಇಳಿಸಬೇಕು. ಹಾರ್ಮೋನಿಯಂದ ಮನೆಗಳನ್ನು ಬೆರಳ ತುದಿಯೇ ಗುರುತಿಸುತ್ತದೆ. ಹೀಗೆ ಕಿವಿ, ಕೈ, ಸ್ಮರಣೆ ಈ ಮೂರರಿಂದಲೇ ಪೂರ್ಣವಾಗಿ ಕಲಿಯಬಹುದಾದ ವಿದ್ಯೆ ಅದಾಗಿದ್ದುದರಿಂದ, ಅಂಧ ವಿದ್ಯಾರ್ಥಿಯು ಅಲ್ಲಿ ಯಾರಿಗೂ ಕಡಿಮೆಯವನಾಗಬೇಕಿರಲಿಲ್ಲ. ಇರುವ ಸಾಧನಗಳಲ್ಲಿ ಮಗುವಿಗೆ ನಿಲುಕುವುದು ಯಾವುದೆಂದು ನೋಡಿ ಅದರಿಂದಲೇ ವಿದ್ಯೆಯನ್ನು ಒದಗಿಸಿದುದು ಗವಾಯಿಗಳ ವಿವೇಕ.

ಎರಡನೆಯ ಮಾತು, ಅವರು ಅಂಧರಿಗಾಗಿಯೇ ಒಂದು ಪ್ರತ್ಯೇಕ ಗೂಡನ್ನು ಕಟ್ಟಲಿಲ್ಲ. ಕಣ್ಣುಳ್ಳವರೂ ಅಲ್ಲಿಯೇ, ಅದೇ ಚಾಪೆಯ ಮೇಲೆ ಕಲಿತರು. ಪಂಡಿತ ಬಸವರಾಜ ರಾಜಗುರುಗಳು ಬಾಲಕರಾಗಿದ್ದಾಗಲೇ ಗವಾಯಿಗಳ ಆಶ್ರಯಕ್ಕೆ ಬಂದು, ಮುಂದೆ ದೇಶದ ಶ್ರೇಷ್ಠ ಗಾಯಕರಲ್ಲಿ ಒಬ್ಬರಾದರು. ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ ಅವರಂತಹ ವಿದ್ವಾಂಸರು ಇದೇ ಪರಂಪರೆಯವರು. ಕಣ್ಣುಳ್ಳ ಶಿಷ್ಯರಿಗೆ ಅಂಧರಾದ ಗುರುಗಳು, ಅಂಧ ಸಹಪಾಠಿಗಳು. ಇಂತಹ ಚಾಪೆಯ ಮೇಲೆ ಬೆಳೆದವರಲ್ಲಿ ಕನಿಕರದ ಭಾವಕ್ಕೆ ಎಡೆಯಿಲ್ಲ. ಅಲ್ಲಿ ಬೆಳೆಯುವುದು ಗೌರವ. ಜಾತಿಮತಗಳ ಭೇದವನ್ನೂ ಆಶ್ರಮವು ಇಟ್ಟುಕೊಳ್ಳಲಿಲ್ಲ. ಒಂದೇ ಪಂಕ್ತಿಯಲ್ಲಿ ಪ್ರಸಾದ, ಒಂದೇ ಶ್ರುತಿಯಲ್ಲಿ ಪಾಠ.

ಮೂರನೆಯದು, ದುಡಿಮೆಯ ಅಭಿಮಾನ. ಕಲಿತವನು ತನ್ನ ಕಾಲ ಮೇಲೆ ನಿಲ್ಲಬೇಕು ಎಂಬುದು ಅವರ ಗುರಿ. ಕೀರ್ತನ, ಪುರಾಣ, ನಾಟಕ, ಸಂಗೀತದ ಪಾಠ ಇವುಗಳಿಂದ ಅವರ ಶಿಷ್ಯರು ಅನ್ನ ಸಂಪಾದಿಸಿದರು. ಇದು ಶರಣರು ಹೇಳಿದ ಕಾಯಕ. ಬಂದುದರಲ್ಲಿ ಆಶ್ರಮಕ್ಕೆ ಅರ್ಪಿಸಿದುದು ದಾಸೋಹ. ಭಿಕ್ಷೆ ಬೇಡುವ ಸ್ಥಿತಿಯಲ್ಲಿದ್ದ ಮಗು ದಾಸೋಹ ಮಾಡುವ ಸ್ಥಿತಿಗೆ ಏರುವುದಕ್ಕಿಂತ ದೊಡ್ಡ ಪವಾಡವನ್ನು ನಾನಂತೂ ಕಾಣೆ.

ಕಷ್ಟಕಾಲ ಮತ್ತು ಗದುಗಿನ ನೆಲೆ

1930ರಲ್ಲಿ ಕುಮಾರ ಶಿವಯೋಗಿಗಳು ಲಿಂಗೈಕ್ಯರಾದರು. ಆಶ್ರಮಕ್ಕೆ ಇದ್ದ ದೊಡ್ಡ ನೆರಳು ಸರಿಯಿತು. ಉಣ್ಣುವ ಬಾಯಿಗಳು ಹೆಚ್ಚುತ್ತಿದ್ದವು, ಬರುವ ಆದಾಯಕ್ಕೆ ಭರವಸೆ ಇರಲಿಲ್ಲ. ನಮ್ಮ ಬಯಲುಸೀಮೆಯಲ್ಲಿ ಮಳೆ ಕೈಕೊಟ್ಟರೆ ದಾನಿಯ ಮನೆಯಲ್ಲಿಯೇ ಜೋಳವಿರುವುದಿಲ್ಲ. ಆಶ್ರಮದ ಪೋಷಣೆಗಾಗಿ ಕುಮಾರೇಶ್ವರರ ಹೆಸರಿನಲ್ಲಿ ನಾಟಕ ಮಂಡಳಿಯೊಂದು ಹೊರಟಿತು. ಆಶ್ರಮದ ಶಿಷ್ಯರೇ ನಟರು, ಅವರೇ ಗಾಯಕರು, ಅವರೇ ವಾದ್ಯಗಾರರು. ನಾಟಕದ ಬಗ್ಗೆ ಸಮಾಜದಲ್ಲಿ ಒಳ್ಳೆಯ ಅಭಿಪ್ರಾಯ ಇಲ್ಲದಿದ್ದ ಕಾಲವದು. ಮಕ್ಕಳ ಅನ್ನದ ಮುಂದೆ ಲೋಕಾಪವಾದವನ್ನು ಗವಾಯಿಗಳು ಲೆಕ್ಕಿಸಲಿಲ್ಲ.

ಕೊನೆಗೆ ಗದುಗಿನಲ್ಲಿ ಬಸರಿಗಿಡದ ವೀರಪ್ಪನವರು ನೆಲೆ ಒದಗಿಸಿಕೊಟ್ಟರು. ದಾನಿಗಳ ಹೆಸರಿನ ನೆನಪಿಗೆ ಅದು ವೀರೇಶ್ವರ ಪುಣ್ಯಾಶ್ರಮವಾಯಿತು. ಅಲೆದಾಡಿದ ಶಾಲೆಗೆ ಒಂದು ಸೂರು ದೊರೆಯಿತು. ಒಬ್ಬ ಗೃಹಸ್ಥನ ದಾನ ಎಷ್ಟು ತಲೆಮಾರುಗಳಿಗೆ ನೆರಳಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

1944ರ ಜೂನ್ 11ರಂದು ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದರು. ಆಗ ಅವರಿಗೆ 52 ವರ್ಷ. ಅವರು ಬಿಟ್ಟುಹೋದ ಆಸ್ತಿಯೆಂದರೆ ಆ ಮಕ್ಕಳು, ಆ ವಾದ್ಯಗಳು ಮತ್ತು ಒಬ್ಬ ಶಿಷ್ಯ.

ಶಿಷ್ಯನಲ್ಲಿ ಮುಂದುವರಿದ ಬಾಳು

ಆ ಶಿಷ್ಯರು ಪೂಜ್ಯ ಡಾ. ಪುಟ್ಟರಾಜ ಗವಾಯಿಗಳು. ಹಾನಗಲ್ಲ ತಾಲ್ಲೂಕಿನವರೇ, 1914ರ ಮಾರ್ಚ್ 3ರಂದು ದೇವಗಿರಿಯಲ್ಲಿ ಜನಿಸಿ ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡವರು. ಸೋದರಮಾವನವರು ಬಾಲಕನನ್ನು ಪಂಚಾಕ್ಷರಿ ಗವಾಯಿಗಳ ಕೈಗೆ ಒಪ್ಪಿಸಿದರು. ಗುರುಗಳು ಲಿಂಗೈಕ್ಯರಾದಾಗ ಪುಟ್ಟರಾಜರಿಗೆ 30 ವರ್ಷ. ಅಂದಿನಿಂದ 2010ರ ಸೆಪ್ಟೆಂಬರ್ 17ರವರೆಗೆ, 66 ವರ್ಷಗಳ ಕಾಲ ಅವರು ಆಶ್ರಮದ ಭಾರವನ್ನು ಹೊತ್ತರು. ಕನ್ನಡ, ಸಂಸ್ಕೃತ, ಹಿಂದಿ ಮೂರೂ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಭಕ್ತರು ಅವರಿಗೆ ನಾಣ್ಯಗಳ ತುಲಾಭಾರ ಮಾಡಿದರು. ತೂಗಿದ ಹಣವೆಲ್ಲ ಆಶ್ರಮದ ಮಕ್ಕಳ ಪ್ರಸಾದಕ್ಕೆ ಹೋಯಿತು. 2010ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಭೂಷಣ ನೀಡಿ ಗೌರವಿಸಿತು. ಅಂಧ ಗುರು ಅಂಧ ಶಿಷ್ಯನಿಗೆ ಅಧಿಕಾರ ಒಪ್ಪಿಸಿದ ಆ ಒಂದು ನಿರ್ಧಾರದಲ್ಲಿಯೇ ಪಂಚಾಕ್ಷರಿ ಗವಾಯಿಗಳ ಸಿದ್ಧಾಂತವೆಲ್ಲ ಅಡಗಿದೆ. ಅಂಧರ ಸಂಸ್ಥೆಯನ್ನು ಅಂಧರೇ ನಡೆಸಬಲ್ಲರು ಎಂಬುದನ್ನು ಅವರು ಎಂದೂ ಸಂಶಯಿಸಲಿಲ್ಲ.

ನನ್ನದೊಂದು ತಪ್ಪು

ಇಷ್ಟು ಬರೆದ ಮೇಲೆ ನನ್ನ ತಪ್ಪೊಂದನ್ನು ಭಕ್ತರ ಮುಂದೆ ಒಪ್ಪಿಕೊಳ್ಳುವುದು ಉಚಿತ.

ಕೆಲವು ವರ್ಷಗಳ ಹಿಂದೆ ಸಮೀಪದ ಊರಿನ ರೈತರೊಬ್ಬರು ತಮ್ಮ ಹತ್ತು ವರ್ಷದ ಮಗನನ್ನು ಕರೆದುಕೊಂಡು ಮಠಕ್ಕೆ ಬಂದರು. ಬಾಲಕನಿಗೆ ಹುಟ್ಟಿನಿಂದ ದೃಷ್ಟಿ ಇಲ್ಲ. ಎಲ್ಲಿಯಾದರೂ ಹಾಡು ಕಲಿಯಲು ಹಚ್ಚಿರೆಂದು ತಂದೆ ಬೇಡಿಕೊಂಡರು. ನಾನು ಸಂತೋಷದಿಂದ ಸಂಗೀತ ಶಾಲೆಗೆ ಪತ್ರ ಬರೆಯಲು ಕುಳಿತೆ. ಪಕ್ಕದಲ್ಲಿದ್ದ ನಿವೃತ್ತ ಶಿಕ್ಷಕರೊಬ್ಬರು ಬಾಲಕನನ್ನು ಮಾತನಾಡಿಸಿದರು. ಅವನಿಗೆ ಹಾಡಿನಲ್ಲಿ ಆಸಕ್ತಿಯೇ ಇರಲಿಲ್ಲ. ಸಂತೆಯಲ್ಲಿ ತಂದೆಯ ಜೊತೆ ಕುಳಿತು ಮೆಣಸಿನಕಾಯಿಯ ತೂಕ, ದರ, ಚಿಲ್ಲರೆ ಎಲ್ಲವನ್ನೂ ಅವನು ಬಾಯಿಲೆಕ್ಕದಲ್ಲಿ ಹೇಳುತ್ತಿದ್ದ. ಶಿಕ್ಷಕರು ಕೇಳಿದ ಗುಣಾಕಾರಗಳಿಗೆ ನನ್ನ ಲೇಖನಿಗಿಂತ ಬೇಗ ಉತ್ತರ ಕೊಟ್ಟ. ನನಗೆ ನಾಚಿಕೆಯಾಯಿತು. ಕಣ್ಣಿಲ್ಲದ ಮಗುವೆಂದರೆ ಹಾಡಬೇಕು ಎಂದು ನಾನೇ ತೀರ್ಮಾನಿಸಿದ್ದೆ, ಮಗುವನ್ನು ಕೇಳಿರಲಿಲ್ಲ.

ಗವಾಯಿಗಳ ಹೆಸರಿನಲ್ಲಿಯೇ ನಾನು ಗವಾಯಿಗಳ ದಾರಿಯನ್ನು ತಪ್ಪಿದ್ದೆ. ಅವರ ಕಾಲದಲ್ಲಿ ನಮ್ಮ ಹಳ್ಳಿಗಳ ಅಂಧ ಮಗುವಿಗೆ ನಿಲುಕುವ ಬಾಗಿಲು ಸಂಗೀತದ್ದು. ಅದನ್ನು ಅವರು ಪೂರ್ಣವಾಗಿ ತೆರೆದರು. ಇಂದು ತೆರೆದಿರುವ ಬಾಗಿಲುಗಳು ಹಲವು. ಹಾಡುವ ಮಗು ಹಾಡಲಿ, ಅದು ನಮ್ಮ ಹೆಮ್ಮೆ. ಲೆಕ್ಕ ಮಾಡುವ ಮಗುವಿಗೆ ಲೆಕ್ಕವನ್ನು ಒದಗಿಸುವುದೇ ಗವಾಯಿಗಳ ಸೇವೆ.

ಇಂದಿನ ಬಾಗಿಲುಗಳು

ಆ ಬಾಗಿಲುಗಳು ಯಾವುವೆಂದು ಸಂಕ್ಷೇಪವಾಗಿ ತಿಳಿಸುತ್ತೇನೆ. ಫ್ರಾನ್ಸ್ ದೇಶದ ಲೂಯಿ ಬ್ರೈಲ್ ಎಂಬ ಮಹನೀಯರು 1809ರಲ್ಲಿ ಜನಿಸಿ, ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡು, ಹದಿಹರೆಯದಲ್ಲಿಯೇ ಆರು ಉಬ್ಬುಚುಕ್ಕೆಗಳ ಲಿಪಿಯನ್ನು ರೂಪಿಸಿದರು. ಆರು ಚುಕ್ಕೆಗಳ ಜೋಡಣೆಯಿಂದ 63 ಸಂಕೇತಗಳು ದೊರೆಯುತ್ತವೆ. 1951ರಲ್ಲಿ ಭಾರತದ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ ಸಿದ್ಧವಾಯಿತು. ಕನ್ನಡದ ಕಕಾರಕ್ಕೂ ಹಿಂದಿಯ ಕಕಾರಕ್ಕೂ ಅದರಲ್ಲಿ ಒಂದೇ ಸಂಕೇತ. ಒಮ್ಮೆ ಕಲಿತ ಮಗು ಹಲವು ಭಾಷೆಗಳಿಗೆ ಕೈಚಾಚಬಹುದು. ಗಣಿತಕ್ಕೆ ಟೇಲರ್ ಚೌಕಟ್ಟು ಎಂಬ ಫಲಕವಿದೆ. ಎಂಟು ಮೂಲೆಯ ಗುಳಿಗಳಲ್ಲಿ ಮೊಳೆಯನ್ನು ಬೇರೆ ಬೇರೆ ದಿಕ್ಕಿಗೆ ನಿಲ್ಲಿಸಿ ಅಂಕಿಗಳನ್ನು ಬೆರಳಿನಿಂದಲೇ ಓದುತ್ತಾರೆ. ಮಣಿಚೌಕಟ್ಟೂ ಇದೆ.

ಇನ್ನು ಕಂಪ್ಯೂಟರು ಮತ್ತು ಮೊಬೈಲು. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳು ಇಂದು ಕನ್ನಡದಲ್ಲಿಯೂ ಕೆಲಸ ಮಾಡುತ್ತವೆ. ಅವುಗಳಲ್ಲಿ ಎನ್‌ವಿಡಿಎ ಎಂಬುದನ್ನು 2006ರಲ್ಲಿ ಆರಂಭಿಸಿದವರು ಆಸ್ಟ್ರೇಲಿಯಾದ ಅಂಧ ತರುಣರು. ದುಬಾರಿ ಬೆಲೆ ತೆರಲಾರದ ತಮ್ಮಂಥವರಿಗಾಗಿ ಅದನ್ನು ರೂಪಿಸಿ ಉಚಿತವಾಗಿಯೇ ಹಂಚಿದರು. ಅವರಿಗೆ ದಾಸೋಹವೆಂಬ ಪದ ತಿಳಿದಿರಲಿಕ್ಕಿಲ್ಲ. ಅವರು ಮಾಡಿದುದು ದಾಸೋಹವೇ. ಸಾಮಾನ್ಯ ಆಂಡ್ರಾಯ್ಡ್ ಮೊಬೈಲುಗಳಲ್ಲಿ ಟಾಕ್‌ಬ್ಯಾಕ್ ಎಂಬ ಇಂತಹದೇ ಸೌಲಭ್ಯವಿದೆ. ಅದು ಅನೇಕರ ಕೈಯಲ್ಲಿರುವ ಮೊಬೈಲಿನಲ್ಲಿಯೇ ಇದ್ದರೂ, ಇದೆಯೆಂಬುದು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ತಿಳಿದಿಲ್ಲ. 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯವು ಮುದ್ರಿತ ಪುಸ್ತಕ ಓದಲಾಗದವರಿಗೆ ಅಂತರ್ಜಾಲದ ಮೂಲಕ ಪುಸ್ತಕಗಳನ್ನು ಒದಗಿಸುತ್ತದೆ.

ಕಾನೂನು ಕೂಡ ಬೆಂಬಲಕ್ಕಿದೆ. ವಿಕಲಚೇತನರ ಹಕ್ಕುಗಳ ಕಾಯಿದೆ 2016ರಲ್ಲಿ 21 ಬಗೆಯ ವೈಕಲ್ಯಗಳನ್ನು ಗುರುತಿಸಲಾಗಿದೆ. ಶೇಕಡಾ 40 ಅಥವಾ ಹೆಚ್ಚಿನ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕಿದೆ. ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡಾ 5, ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇಕಡಾ 4 ಮೀಸಲಾತಿ ಇದೆ. ಪರೀಕ್ಷೆಯಲ್ಲಿ ಬರೆದುಕೊಡುವ ಸಹಾಯಕರನ್ನು ಪಡೆಯಬಹುದು. ಗಂಟೆಗೆ ಕನಿಷ್ಠ 20 ನಿಮಿಷಗಳ ಹೆಚ್ಚಿನ ಸಮಯ ಕೊಡಬೇಕೆಂದು 2018ರ ಕೇಂದ್ರದ ಮಾರ್ಗಸೂಚಿ ಹೇಳಿತ್ತು. ಇವೆಲ್ಲಕ್ಕೂ ಮೊದಲ ಹೆಜ್ಜೆ ವಿಶಿಷ್ಟ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡು.

ಮಠದ ಹೊಣೆ

ನಮ್ಮ ಮನೆಯನ್ನೂ ಒಮ್ಮೆ ನೋಡಿಕೊಳ್ಳಬೇಕು. ಮಠದ ಕಾರ್ಯಕ್ರಮಗಳ ಆಮಂತ್ರಣವನ್ನು ಬಹುಕಾಲದಿಂದ ನಾವು ಚಿತ್ರದ ರೂಪದಲ್ಲಿ ಸಿದ್ಧಪಡಿಸಿ ಮೊಬೈಲಿಗೆ ಕಳುಹಿಸುತ್ತಿದ್ದೇವೆ. ಬಣ್ಣಬಣ್ಣದ ಆ ಚಿತ್ರದೊಳಗಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶವು ಸರಿಯಾಗಿ ಗ್ರಹಿಸಲಾರದು. ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಲೇಖನಗಳನ್ನು ಅದು ಅರ್ಥವಿಲ್ಲದ ಸದ್ದುಗಳಾಗಿ ಓದುತ್ತದೆ. ಯೂನಿಕೋಡ್ ಅಕ್ಷರಗಳಲ್ಲಿದ್ದರೆ ಮಾತ್ರ ಕನ್ನಡವನ್ನು ಕನ್ನಡವಾಗಿ ಓದುತ್ತದೆ. ಅಂಧ ಭಕ್ತರೊಬ್ಬರು ಇದನ್ನು ನನಗೆ ತಿಳಿಸಿದರು. ಜಾತ್ರೆಯ ಆಮಂತ್ರಣ ಪ್ರತಿವರ್ಷ ತಮಗೆ ತಲುಪುತ್ತದೆ, ಅದರಲ್ಲಿ ಏನಿದೆಯೆಂಬುದು ಮಾತ್ರ ಇನ್ನೊಬ್ಬರು ಓದುವವರೆಗೆ ತಿಳಿಯುವುದಿಲ್ಲವೆಂದು ಅವರು ನಗುತ್ತಲೇ ಹೇಳಿದರು. ಆ ನಗುವಿನಲ್ಲಿ ದೂರು ಇರಲಿಲ್ಲ. ಅದಕ್ಕಾಗಿಯೇ ಅದು ನನ್ನನ್ನು ಹೆಚ್ಚು ಕಾಡಿತು.

ಚಿತ್ರದ ಜೊತೆಗೆ ನಾಲ್ಕು ಸಾಲಿನ ಬರಹವನ್ನೂ ಕಳುಹಿಸಲು ಖರ್ಚೇನೂ ಇಲ್ಲ. ಸಭಾಂಗಣದ ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ಕಟ್ಟಲು ಒಂದೆರಡು ಬಂಡಿ ಉಸುಕು ಸಾಕು. ಹಾಗೆ ಮಾಡಿದರೆ ಗಾಲಿಕುರ್ಚಿಯ ಭಕ್ತರು ಹೊರಗೆ ನಿಂತು ಕೈಮುಗಿದು ಹೋಗಬೇಕಾಗುವುದಿಲ್ಲ. ನಮ್ಮ ಧರ್ಮದಲ್ಲಿ ದೇವರು ಅಂಗೈಗೆ ಬಂದವನು. ಇಷ್ಟಲಿಂಗವು ಕರಸ್ಥಲದಲ್ಲಿ ನೆಲೆಸುತ್ತದೆ. ಕಣ್ಣಿಲ್ಲದ ಭಕ್ತನೂ ಅದನ್ನು ತನ್ನ ಸ್ಪರ್ಶದಿಂದಲೇ ಅರಿಯುತ್ತಾನೆ. ದೇವರನ್ನೇ ಪ್ರತಿಯೊಬ್ಬರ ಕೈಗೆ ನಿಲುಕಿಸಿದ ಬಸವಣ್ಣನವರ ನಾಡಿನಲ್ಲಿ, ಅಕ್ಷರವನ್ನು ಎಲ್ಲರ ಕೈಗೆ ನಿಲುಕಿಸುವುದು ಕಷ್ಟವಾಗಬಾರದು.

ಆ ಬಾಲಕನ ವಿಷಯವನ್ನು ಹೇಳಿ ಮುಗಿಸುತ್ತೇನೆ. ಸಂಗೀತ ಶಾಲೆಗೆ ಬರೆಯುತ್ತಿದ್ದ ಪತ್ರವನ್ನು ಅಂದು ಹರಿದುಹಾಕಿದೆ. ಅವನು ಈಗ ಬ್ರೈಲ್ ಕಲಿಸುವ ವಸತಿಶಾಲೆಯೊಂದರಲ್ಲಿ ಓದುತ್ತಿದ್ದಾನೆ. ಕಳೆದ ಶ್ರಾವಣದಲ್ಲಿ ಊರಿಗೆ ಬಂದಾಗ ತಂದೆಯೊಡನೆ ಪುರಾಣಕ್ಕೂ ಬಂದಿದ್ದ. ಹಾಡು ಮುಗಿದ ಮೇಲೆ, ತಬಲಾ ನುಡಿಸುತ್ತಿದ್ದ ಅಂಧ ಗವಾಯಿಗಳ ಬಳಿ ಕುಳಿತು ತಾಳದ ಮಾತ್ರೆಗಳ ಲೆಕ್ಕವನ್ನು ಕೇಳಿ ತಿಳಿದುಕೊಳ್ಳುತ್ತಿದ್ದುದನ್ನು ಕಂಡೆ. ಗವಾಯಿಗಳು ಅವನ ಬೆರಳುಗಳನ್ನು ಹಿಡಿದು ಹದಿನಾರು ಮಾತ್ರೆಗಳನ್ನು ಎಣಿಸಿ ತೋರಿಸುತ್ತಿದ್ದರು.

ತಮ್ಮ ಊರಿನಲ್ಲಿ, ತಮ್ಮ ಓಣಿಯಲ್ಲಿ ಶಾಲೆ ಕಾಣದ ಇಂತಹ ಮಕ್ಕಳಿದ್ದರೆ ಭಕ್ತರು ದಯಮಾಡಿ ಮಠಕ್ಕೆ ಕರೆತರಬೇಕು. ಅರ್ಜಿ ಬರೆಯುವುದು, ಕಾರ್ಡು ಮಾಡಿಸುವುದು, ಶಾಲೆಗೆ ಸೇರಿಸುವುದು ಇವುಗಳಲ್ಲಿ ಮಠವು ಜೊತೆಗೆ ನಿಲ್ಲುತ್ತದೆ. ಮೊದಲು ಆ ಮಗುವಿಗೆ ಏನು ಇಷ್ಟವೆಂದು ಕೇಳಿಯೇ ನಾನು ಲೇಖನಿ ಹಿಡಿಯುತ್ತೇನೆ.



ಕಾರ್ಯದರ್ಶಿ
ಶ್ರೀಮಠ, ತಾಂಬಾ